ಕಂಠಾಭರಣದ ಸಂಖ್ಯೆ: 12345654321ರ ಗುಣ ಮತ್ತು ವರ್ಗ

ಕಾವ್ಯವನ್ನು ಓದುವಾಗ ಪ್ರತಿ ಪದಕ್ಕೂ ಅರ್ಥವನ್ನು ಕೇಳುವ ನಾವು, ನಡುವೆ ಒಂದು ಸಂಖ್ಯೆ ಬಂದರೆ ಅದನ್ನು ದಾಟಿ ಮುಂದೆ ಹೋಗುತ್ತೇವೆ. ಶಾಸನಪಾಠದಲ್ಲಿಯೂ ಹೀಗೆಯೇ. ರಾಜನ ಬಿರುದುಗಳನ್ನು ಬಿಡಿಸುತ್ತೇವೆ, ದತ್ತಿಯ ಸ್ವರೂಪವನ್ನು ವಿವರಿಸುತ್ತೇವೆ. ಆದರೆ ಅಲ್ಲಿರುವ ಅಂಕಿಯನ್ನು ಕಂಡಂತೆ ಬರೆದುಕೊಂಡು ಸುಮ್ಮನಾಗುತ್ತೇವೆ. ಈ ಉಪೇಕ್ಷೆಯಿಂದ ಆಗುವ ಹಾನಿ ಸಣ್ಣದಲ್ಲ. ಒಂದು ಅಂಕಿ ಸ್ಥಾನ ತಪ್ಪಿದರೆ ಕವಿಯ ಕಾಲ ನೂರು ವರ್ಷ ಸರಿಯುತ್ತದೆ. ಒಂದು ಸೊನ್ನೆ ಜಾರಿದರೆ ದತ್ತಿ ಹತ್ತರಲ್ಲೊಂದು ಪಾಲಾಗುತ್ತದೆ. ಆದುದರಿಂದ ಐಚ್ಛಿಕ ಕನ್ನಡದ ವಿದ್ಯಾರ್ಥಿಯು ಸಂಖ್ಯೆಯನ್ನು ಓದುವ ಕ್ರಮವನ್ನೂ ಅರಿತಿರಬೇಕು. ಅದಕ್ಕೆ ನೆರವಾಗಲೆಂದು ಒಂದೇ ಒಂದು ದೊಡ್ಡ ಸಂಖ್ಯೆಯನ್ನು ಆರಿಸಿಕೊಂಡು, ಅದರ ಹೆಸರು, ರೂಪ, ಘಟಕ, ವರ್ಗಗಳನ್ನು ಈ ಪಾಠದಲ್ಲಿ ಪರಿಶೀಲಿಸೋಣ.

೧. ಮೂರು ಬಗೆಯ ಸಂಖ್ಯೆಗಳು

ಮೊದಲು ನಮ್ಮ ನೆಲದಿಂದಲೇ ಎರಡು ಸಂಖ್ಯೆಗಳನ್ನು ತೆಗೆದುಕೊಳ್ಳೋಣ. ಅಮರಾಪುರದಲ್ಲಿ ದೊರೆತಿರುವ ಶಕವರ್ಷ 1200ರ, ಎಂದರೆ ಕ್ರಿ.ಶ. 1278ರ ಜೈನ ಶಾಸನವು ತೈಲಂಗೆರೆಯ ಬ್ರಹ್ಮಜಿನಾಲಯಕ್ಕೆ 2000 ಅಡಕೆ ಮರಗಳನ್ನು ದತ್ತಿಯಾಗಿ ಬಿಟ್ಟುದನ್ನು ಹೇಳುತ್ತದೆ. ಇಲ್ಲಿ ಸಂಖ್ಯೆಯು ಒಂದು ವಸ್ತುವಿನ ಎಣಿಕೆ. ತೋಟಕ್ಕೆ ಹೋಗಿ ಮರಗಳನ್ನು ಎಣಿಸಿದರೆ ಅದು ಸರಿಯೋ ತಪ್ಪೋ ತಿಳಿಯುತ್ತಿತ್ತು.

ಅಮರಾಪುರಕ್ಕೆ ಸಮೀಪದ ಹೇಮಾವತಿಯು ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಅವರು ಆಳಿದ ನಾಡಿಗೆ ನೊಳಂಬವಾಡಿ 32000 ಎಂದು ಹೆಸರು. ಹಳಗನ್ನಡದಲ್ಲಿ ಇದು ‘ಮೂವತ್ತಿರ್ಚ್ಛಾಸಿರ’. ಸಂಸ್ಕೃತದ ‘ಸಹಸ್ರ’ ತದ್ಭವವಾಗಿ ‘ಸಾಸಿರ’ ಆಯಿತು. ಎರಡು ಎಂಬರ್ಥದ ‘ಇರ್’ ಹಿಂದೆ ಬಂದಾಗ ಸಕಾರವು ಛಕಾರವಾಯಿತು. ಬನವಾಸಿಯ ‘ಪನ್ನಿರ್ಚ್ಛಾಸಿರ’ದಲ್ಲಿಯೂ ಇದೇ ಸಂಧಿಕಾರ್ಯವಿದೆ. ಈ 32000 ಊರುಗಳ ಎಣಿಕೆಯೋ, ಆದಾಯದ ಪ್ರಮಾಣವೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಎಣಿಕೆ ಏನೇ ಆಗಿರಲಿ, ಶಾಸನದಲ್ಲಿ ಅದು ನಾಡಿನ ಹೆಸರಿನ ಭಾಗವಾಗಿಬಿಟ್ಟಿದೆ. ಗಂಗವಾಡಿ 96000, ಬನವಾಸಿ 12000 ಎಂಬಲ್ಲಿಯೂ ಸಂಖ್ಯೆಯು ಹೆಸರೇ ಆಗಿದೆ.

ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದು ಉಂಟು. ಅಲ್ಲಿ ಸಂಖ್ಯೆಯು ಮರವನ್ನೂ ಎಣಿಸುವುದಿಲ್ಲ, ನಾಡನ್ನೂ ಹೆಸರಿಸುವುದಿಲ್ಲ. ತನ್ನ ಒಳರಚನೆಗಾಗಿಯೇ ಅದು ಗಮನಾರ್ಹವಾಗುತ್ತದೆ. ಅಂತಹ ಸಂಖ್ಯೆಗಳನ್ನು ಕನ್ನಡನಾಡಿನಲ್ಲಿ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ಗಣಿತಜ್ಞನು ಆಯ್ದು ಪೋಣಿಸಿಟ್ಟನು. ಆತನೇ ಮಹಾವೀರಾಚಾರ್ಯ.

೨. ಮಹಾವೀರಾಚಾರ್ಯ ಮತ್ತು ಗಣಿತಸಾರಸಂಗ್ರಹ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಿಂದ 878ರವರೆಗೆ ಮಾನ್ಯಖೇಟದಿಂದ, ಎಂದರೆ ಇಂದಿನ ಮಳಖೇಡದಿಂದ, ಆಳಿದನು. ಕವಿರಾಜಮಾರ್ಗವು ಆತನ ಆಸ್ಥಾನದ ಕೃತಿಯೆಂಬುದನ್ನು ನೀವು ಓದಿದ್ದೀರಿ. ಅದೇ ರಾಜನನ್ನು ಸ್ತುತಿಸಿ ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು ಸುಮಾರು ಕ್ರಿ.ಶ. 850ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಅಲ್ಲಿಯವರೆಗಿನ ಪ್ರಸಿದ್ಧ ಗ್ರಂಥಗಳಲ್ಲಿ ಗಣಿತವು ಬಹುಮಟ್ಟಿಗೆ ಜ್ಯೋತಿಷದ ಅಂಗವಾಗಿ ಬರುತ್ತಿತ್ತು. ಈ ಗ್ರಂಥವಾದರೋ ಗಣಿತವನ್ನೇ ಸ್ವತಂತ್ರ ವಿಷಯವಾಗಿ ಒಂಬತ್ತು ಅಧ್ಯಾಯಗಳಲ್ಲಿ ನಿರೂಪಿಸುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಗ್ರಂಥದ ಪರಂಪರೆಯೂ ತಿಳಿದಿರಬೇಕು. ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಕನ್ನಡದಲ್ಲಿ 12ನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ರಚಿಸಿ ಕನ್ನಡದ ಮೊದಲ ಗಣಿತ ಗ್ರಂಥಕಾರನೆನಿಸಿದನು. ಎರಡು ಭಾಷೆಗಳ ನಡುವೆ ಬಾಳುವ ನಮ್ಮ ಗಡಿನಾಡಿನವರಿಗೆ ಈ ಎರಡು ಹೆಸರುಗಳೂ ಸಮಾನವಾಗಿ ಆಪ್ತವಾಗಬೇಕು. 1912ರಲ್ಲಿ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಹೊರಬಂದಿತು.

ಗ್ರಂಥದ ಎರಡನೆಯ ಅಧ್ಯಾಯವು ಪರಿಕರ್ಮ ವ್ಯವಹಾರ. ಅದರಲ್ಲಿ ಮೊದಲು ಬರುವುದು ಗುಣಾಕಾರ. ಗ್ರಂಥದ ಪರಿಭಾಷೆಯಲ್ಲಿ ‘ಪ್ರತ್ಯುತ್ಪನ್ನ’. ಅಲ್ಲಿಯ ಲೆಕ್ಕಗಳಲ್ಲಿ ಕೆಲವು ಸಾಮಾನ್ಯ ಲೆಕ್ಕಗಳಲ್ಲ. ಅವುಗಳ ಉತ್ತರವು ಹಾರದಂತೆ ಎರಡೂ ಕಡೆ ಸಮನಾಗಿರುತ್ತದೆ. ಆಚಾರ್ಯನು ಇಂತಹ ಸಂಖ್ಯೆಗಳನ್ನು ಕಂಠಾಭರಣಕ್ಕೆ ಹೋಲಿಸುತ್ತಾನೆ. ಕೆಲವನ್ನು ನೋಡಿರಿ:

139 × 109 = 15151
12345679 × 9 = 111111111
14287143 × 7 = 100010001
152207 × 73 = 11111111
27994681 × 441 = 12345654321

ಈ ಕೊನೆಯದೇ ನಮ್ಮ ಪಾಠದ ಸಂಖ್ಯೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುವ ಹನ್ನೊಂದು ಅಂಕಿಗಳ ಹಾರವಿದು. ಕನ್ನಡ ಅಂಕಿಗಳಲ್ಲಿ ೧೨೩೪೫೬೫೪೩೨೧.

೩. ಹೆಸರು: ಸ್ಥಾನವೇ ಪ್ರಮಾಣ

ದೊಡ್ಡ ಸಂಖ್ಯೆಯನ್ನು ಓದುವ ಮೊದಲ ಹೆಜ್ಜೆ ಅದಕ್ಕೆ ಹೆಸರಿಡುವುದು. ಇಂದಿನ ಕನ್ನಡದಲ್ಲಿ ಇದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕೋಟಿಯಿಂದ ಮೇಲೆ ನಮ್ಮ ಬಳಕೆಯ ಮಾತಿನಲ್ಲಿ ಬೇರೆ ಹೆಸರಿಲ್ಲ. ಸಾವಿರ ಕೋಟಿ, ಲಕ್ಷ ಕೋಟಿ ಎಂದು ಹಳೆಯ ಹೆಸರುಗಳನ್ನೇ ಜೋಡಿಸುತ್ತೇವೆ.

ಮಹಾವೀರಾಚಾರ್ಯನು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ ಎಂಬುವು ಅವು. ಈ ಪಟ್ಟಿಯಂತೆ ನಮ್ಮ ಸಂಖ್ಯೆಯ ಹನ್ನೊಂದನೆಯ ಸ್ಥಾನ ಅರ್ಬುದ. ಆದುದರಿಂದ ಇದು ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು. ಆರು ಎಂಬ ಶಿಖರವು ಲಕ್ಷದ ಸ್ಥಾನದಲ್ಲಿದೆ.

ಇಲ್ಲಿ ಎಚ್ಚರಿಕೆಯೊಂದು ಬೇಕು. 12ನೆಯ ಶತಮಾನದ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ಕೊಡುವ ಹದಿನೆಂಟು ಸ್ಥಾನಗಳ ಪಟ್ಟಿಯಲ್ಲಿ ಅರ್ಬುದವು ಕೋಟಿಯ ಮರುಸ್ಥಾನ, ಎಂದರೆ ಹತ್ತು ಕೋಟಿ. ಮಹಾವೀರಾಚಾರ್ಯನಲ್ಲಿ ಅದೇ ಅರ್ಬುದವು ಸಾವಿರ ಕೋಟಿ. ಒಂದೇ ಹೆಸರಿನ ಎರಡು ಬೆಲೆಗಳ ನಡುವೆ ನೂರು ಪಟ್ಟು ಅಂತರವಿದೆ. ಹಳೆಯ ಗ್ರಂಥದಲ್ಲಿ ‘ಅರ್ಬುದ’ ಎಂಬ ಪದ ಕಂಡಾಗ ನಿಘಂಟನ್ನಷ್ಟೇ ನೋಡಿದರೆ ಸಾಲದು; ಆ ಗ್ರಂಥಕಾರನ ಸ್ಥಾನಪಟ್ಟಿಯನ್ನೂ ನೋಡಬೇಕು.

ಸಂಖ್ಯೆಗೆ ಇನ್ನೊಂದು ಬಗೆಯ ಹೆಸರೂ ಉಂಟು, ಅದು ಭೂತಸಂಖ್ಯೆ. ಚಂದ್ರನೆಂದರೆ 1, ನೇತ್ರವೆಂದರೆ 2, ವೇದವೆಂದರೆ 4, ಬಾಣವೆಂದರೆ 5, ಋತುವೆಂದರೆ 6. ರತ್ನವೆಂದರೆ ಜೈನ ಸಂಪ್ರದಾಯದ ರತ್ನತ್ರಯದಿಂದ 3. ಇಂತಹ ಪದಗಳನ್ನು ಬಲದಿಂದ ಎಡಕ್ಕೆ ಅಂಕಿಗಳಾಗಿ ಬರೆಯುವುದು ರೂಢಿ. ಶಕವರ್ಷ 1200ನ್ನು ಹೀಗೆ ಹೇಳಬೇಕಾದರೆ ಖ–ಖ–ನೇತ್ರ–ಚಂದ್ರ ಎನ್ನಬೇಕು. ‘ಖ’ ಎಂದರೆ ಆಕಾಶ, ಸೊನ್ನೆ. ದಿಕ್ಕನ್ನು ಮರೆತು ಎಡದಿಂದ ಬರೆದುಕೊಂಡವನಿಗೆ 0021 ದೊರೆಯುತ್ತದೆ! ನಮ್ಮ ಸಂಖ್ಯೆಯನ್ನು ಚಂದ್ರ–ನೇತ್ರ–ರತ್ನ–ವೇದ–ಬಾಣ–ಋತು–ಬಾಣ–ವೇದ–ರತ್ನ–ನೇತ್ರ–ಚಂದ್ರ ಎಂದು ಪೋಣಿಸಬಹುದು. ಇದನ್ನು ಯಾವ ಕಡೆಯಿಂದ ಬರೆದುಕೊಂಡರೂ ಫಲ ಒಂದೇ. ಈ ಗುಣವೇ ನಮ್ಮನ್ನು ಮುಂದಿನ ಹೆಜ್ಜೆಗೆ ಒಯ್ಯುತ್ತದೆ.

೪. ರೂಪ: ಗತಪ್ರತ್ಯಾಗತ

ಹೋಗುವಾಗಲೂ ಬರುವಾಗಲೂ ಒಂದೇ ಆಗಿ ಓದಿಸಿಕೊಳ್ಳುವ ಬಂಧಕ್ಕೆ ಅಲಂಕಾರಶಾಸ್ತ್ರದ ಚಿತ್ರಕಾವ್ಯ ಪ್ರಕರಣದಲ್ಲಿ ‘ಗತಪ್ರತ್ಯಾಗತ’ವೆಂದು ಹೆಸರು. ‘ವಿಕಟಕವಿ’, ‘ನವಜೀವನ’ ಎಂಬ ಪದಗಳನ್ನು ಅಕ್ಷರ ಅಕ್ಷರವಾಗಿ ಹಿಂದಿನಿಂದ ಓದಿ ನೋಡಿರಿ. 12345654321 ಅಂಕಿಗಳ ಗತಪ್ರತ್ಯಾಗತ. ಆದರೆ ಪದದ ಗತಪ್ರತ್ಯಾಗತಕ್ಕೂ ಸಂಖ್ಯೆಯದಕ್ಕೂ ಒಂದು ಭೇದವಿದೆ. ಪದದಲ್ಲಿ ಅದು ಕವಿಯ ಜೋಡಣೆ. ಇಲ್ಲಿ ಅದಕ್ಕೆ ಗಣಿತದ ಕಾರಣವಿದೆ.

ಆ ಕಾರಣವು ಒಂದೇ ವಾಕ್ಯದಲ್ಲಿದೆ: 12345654321 ಎಂಬುದು 111111ರ ವರ್ಗ. ಸಣ್ಣ ಉದಾಹರಣೆಯಿಂದ ಇದನ್ನು ತಿಳಿಯೋಣ. 111ನ್ನು 111ರಿಂದ ಗುಣಿಸುವಾಗ ಬರುವ ಸಾಲುಗಳು 111, 1110, 11100. ಇವನ್ನು ಒಂದರ ಕೆಳಗೊಂದು ಬರೆದು ಕೂಡಿಸಿರಿ. ಬಿಡಿ ಸ್ಥಾನದಲ್ಲಿ ಒಂದೇ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ನೂರರ ಸ್ಥಾನದಲ್ಲಿ ಮೂರು. ಅಲ್ಲಿಂದ ಮುಂದೆ ಎರಡು, ಒಂದು. ಉತ್ತರ 12321. ಆರು ಒಂದುಗಳಾದರೆ ಆರು ಸಾಲುಗಳು, ಒಂದೊಂದು ಸ್ಥಾನ ಸರಿದು ನಿಲ್ಲುತ್ತವೆ. ನಡುವಿನ ಕಂಬದಲ್ಲಿ ಮಾತ್ರ ಆರೂ ಸಾಲುಗಳ ಒಂದುಗಳು ಕೂಡುತ್ತವೆ. ಏರಿಕೆ ಇಳಿಕೆಗಳ ಗುಟ್ಟು ಇಷ್ಟೇ.

ಈ ಹಾರವನ್ನು ಎಲ್ಲಿಯವರೆಗೆ ಬೆಳೆಸಬಹುದು? ಒಂಬತ್ತು ಒಂದುಗಳ ವರ್ಗವು 12345678987654321; ಅಲ್ಲಿಯವರೆಗೆ ಹಾರ ಕೆಡುವುದಿಲ್ಲ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬದ ಮೊತ್ತ ಹತ್ತಾಗಿ, ದಶಕವನ್ನು ಪಕ್ಕದ ಸ್ಥಾನಕ್ಕೆ ಕೊಡಬೇಕಾಗುತ್ತದೆ. ಆಗ ಬರುವ ಉತ್ತರ 1234567900987654321. ಇದು ಗತಪ್ರತ್ಯಾಗತವಲ್ಲ. ಸೌಂದರ್ಯಕ್ಕೂ ನಿಯಮದ ಎಲ್ಲೆಯುಂಟೆಂಬುದನ್ನು ಇದು ತೋರಿಸುತ್ತದೆ.

ಇನ್ನೊಂದು ಗುಣವನ್ನೂ ಗಮನಿಸಿರಿ. ಅಂಕಿಗಳನ್ನೆಲ್ಲ ಕೂಡಿಸಿದರೆ 36 ಬರುತ್ತದೆ. ಅದು 6ರ ವರ್ಗ. ಆರು ಸಾಲುಗಳಲ್ಲಿ ಸಾಲಿಗೆ ಆರರಂತೆ ಒಟ್ಟು ಮೂವತ್ತಾರು ಒಂದುಗಳಿದ್ದುವಷ್ಟೆ. ಅವೇ ಅಂಕಿಗಳಾಗಿ ಹಂಚಿಹೋಗಿವೆ.

೫. ಘಟಕ: ಹಾರವನ್ನು ಬಿಚ್ಚಿದಾಗ

ಸಮಾಸಪದಕ್ಕೆ ವಿಗ್ರಹವಾಕ್ಯ ಹೇಳುವಂತೆ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸಬಹುದು. ಸಮಾಸಕ್ಕೆ ಒಮ್ಮೊಮ್ಮೆ ಎರಡು ವಿಗ್ರಹಗಳು ಸಾಧ್ಯ. ಸಂಖ್ಯೆಗೆ ಮಾತ್ರ ಒಂದೇ ವಿಗ್ರಹ.

111111 = 3 × 7 × 11 × 13 × 37

ಈ ಐದೂ ಅವಿಭಾಜ್ಯ ಸಂಖ್ಯೆಗಳು. ನಮ್ಮ ಸಂಖ್ಯೆ ಇದರ ವರ್ಗವಾದುದರಿಂದ ಅದರಲ್ಲಿ ಪ್ರತಿಯೊಂದೂ ಎರಡೆರಡು ಬಾರಿ ಬರುತ್ತದೆ. ಈಗ ಮಹಾವೀರಾಚಾರ್ಯನ ಲೆಕ್ಕದ ಮರ್ಮವೂ ಬಯಲಾಗುತ್ತದೆ. ಆತನು ಕೊಟ್ಟ ಗುಣಕ 441 ಎಂಬುದು 21ರ ವರ್ಗ. 21 ಎಂದರೆ 3 × 7. ಗುಣ್ಯವಾದ 27994681 ಎಂಬುದು 5291ರ ವರ್ಗ. 5291 ಎಂದರೆ 11 × 13 × 37. ನೋಡಲು ಯಾವ ಕ್ರಮವೂ ಇಲ್ಲದಂತಿರುವ ಎರಡು ಸಂಖ್ಯೆಗಳು ಗುಣಿಸಿದೊಡನೆ ಹಾರವಾಗುವುದು ಆಕಸ್ಮಿಕವಲ್ಲ. ಐದು ಮಣಿಗಳಲ್ಲಿ ಎರಡನ್ನು ಒಂದು ಕೈಯಲ್ಲಿ, ಮೂರನ್ನು ಇನ್ನೊಂದು ಕೈಯಲ್ಲಿ ಹಿಡಿದು ಮತ್ತೆ ಕೂಡಿಸಿದಂತಿದೆ.

ಈ ವಿಗ್ರಹದಿಂದ ಭಾಜಕಗಳ ಸಂಖ್ಯೆಯನ್ನೂ ಎಣಿಸದೆಯೇ ಹೇಳಬಹುದು. ಭಾಜಕವೊಂದನ್ನು ಕಟ್ಟುವಾಗ 3ನ್ನು ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಬಾರಿ ತೆಗೆದುಕೊಳ್ಳಬಹುದು. ಹೀಗೆ ಮೂರು ದಾರಿ. ಉಳಿದ ನಾಲ್ಕಕ್ಕೂ ಇದೇ ಮೂರು ದಾರಿ. ಒಟ್ಟು 3 × 3 × 3 × 3 × 3 = 243 ಭಾಜಕಗಳು. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ. ಆದರೆ ಪೂರ್ಣವರ್ಗದಲ್ಲಿ ಮೂಲವು ತನಗೆ ತಾನೇ ಜೋಡಿಯಾದುದರಿಂದ ಒಟ್ಟು ಬೆಸವಾಗುತ್ತದೆ. 243 ಭಾಜಕಗಳನ್ನು ಏರಿಕೆಯ ಕ್ರಮದಲ್ಲಿ ಬರೆದರೆ 111111ಕ್ಕಿಂತ ಮೊದಲು 121, ಅದರ ಬಳಿಕ 121. ಅಂಕಿಗಳ ಹಾರದ ನಡುವೆ 6 ಇರುವಂತೆ ಭಾಜಕಗಳ ಹಾರದ ನಡುವೆ 111111 ಇದೆ.

೬. ವರ್ಗ: ಯಾವ ಗುಂಪಿಗೆ ಸೇರಿದ್ದು?

ಈಗ ವರ್ಗೀಕರಣಕ್ಕೆ ಬರೋಣ. ಇದು ಬೆಸ ಸಂಖ್ಯೆ, ಭಾಜ್ಯ ಸಂಖ್ಯೆ, ಪೂರ್ಣವರ್ಗ, ಗತಪ್ರತ್ಯಾಗತ ಸಂಖ್ಯೆ. ಇಷ್ಟು ಈಗಾಗಲೇ ಸಿದ್ಧವಾಗಿದೆ. ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗಳಿಗೆ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರರು ‘ಹರ್ಷದ’ ಎಂಬ ಸುಂದರವಾದ ಹೆಸರನ್ನಿಟ್ಟರು. ನಮ್ಮ ಸಂಖ್ಯೆ ಆ ಗುಂಪಿಗೆ ಸೇರದು. ಅಂಕಿಗಳ ಮೊತ್ತ 36 ಸಮಸಂಖ್ಯೆ. ಬೆಸ ಸಂಖ್ಯೆಯನ್ನು ಸಮಸಂಖ್ಯೆಯು ನಿಶ್ಶೇಷವಾಗಿ ಭಾಗಿಸಲಾರದು.

ಇನ್ನೊಂದು ವರ್ಗೀಕರಣವು ಪ್ರಾಚೀನ ಗ್ರೀಕರಿಂದ ಬಂದುದು. ಒಂದು ಸಂಖ್ಯೆಯ ಭಾಜಕಗಳಲ್ಲಿ ಆ ಸಂಖ್ಯೆಯನ್ನು ಬಿಟ್ಟು ಉಳಿದವನ್ನು ಕೂಡಿಸಬೇಕು. ಮೊತ್ತವು ಸಂಖ್ಯೆಗೆ ಸಮವಾದರೆ ಅದು ಪರಿಪೂರ್ಣ, ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ. 6ರ ಭಾಜಕಗಳು 1, 2, 3. ಮೊತ್ತ 6, ಆದುದರಿಂದ ಅದು ಪರಿಪೂರ್ಣ. 8ಕ್ಕೆ 1, 2, 4. ಮೊತ್ತ 7, ಆದುದರಿಂದ ನ್ಯೂನ. 12ಕ್ಕೆ 1, 2, 3, 4, 6. ಮೊತ್ತ 16, ಆದುದರಿಂದ ಸಮೃದ್ಧ. ಸಮಸಂಖ್ಯೆಗಳಲ್ಲಿ ಸಮೃದ್ಧವಾದುವು ಹೇರಳ. ಬೆಸ ಸಂಖ್ಯೆಗಳಲ್ಲಿ ವಿರಳ. ಬೆಸ ಸಮೃದ್ಧ ಸಂಖ್ಯೆಗಳಲ್ಲಿ ಅತ್ಯಂತ ಚಿಕ್ಕದು 945.

12345654321 ಇವುಗಳಲ್ಲಿ ಯಾವುದು? 243 ಭಾಜಕಗಳನ್ನು ಒಂದೊಂದಾಗಿ ಕೂಡಿಸಬೇಕಾಗಿಲ್ಲ. ಪ್ರತಿ ಅವಿಭಾಜ್ಯಕ್ಕೂ ಒಂದು, ಅದು, ಅದರ ವರ್ಗ ಎಂಬ ಮೂರನ್ನು ಕೂಡಿಸಿ, ಬಂದ ಐದು ಮೊತ್ತಗಳನ್ನು ಗುಣಿಸಿದರೆ ಸಾಕು.

3ಕ್ಕೆ: 1 + 3 + 9 = 13
7ಕ್ಕೆ: 1 + 7 + 49 = 57
11ಕ್ಕೆ: 1 + 11 + 121 = 133
13ಕ್ಕೆ: 1 + 13 + 169 = 183
37ಕ್ಕೆ: 1 + 37 + 1369 = 1407

ಇವುಗಳ ಗುಣಲಬ್ಧ 25375524993. ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 13029870672. ಇದು 12345654321ಕ್ಕಿಂತ 684216351ರಷ್ಟು ಹೆಚ್ಚು. ಆದುದರಿಂದ ನಮ್ಮ ಸಂಖ್ಯೆ ಸಮೃದ್ಧ. ಅದರಲ್ಲಿಯೂ ವಿರಳವಾದ ಬೆಸ ಸಮೃದ್ಧ.

ಇಲ್ಲೊಂದು ಸ್ವಾರಸ್ಯವಿದೆ. ಐದು ಮಣಿಗಳಲ್ಲಿ 37ನ್ನು ತೆಗೆದುಬಿಟ್ಟರೆ ಉಳಿಯುವುದು 3 × 7 × 11 × 13 = 3003. ಇದರ ವರ್ಗ 9018009. ಇದರ ಭಾಜಕಗಳನ್ನು, ಅದನ್ನು ಬಿಟ್ಟು, ಕೂಡಿಸಿದರೆ 9017190 ಬರುತ್ತದೆ. ಪರಿಪೂರ್ಣವಾಗಲು 819 ಮಾತ್ರ ಕಡಿಮೆ! ತೊಂಬತ್ತು ಲಕ್ಷಕ್ಕೂ ಮಿಕ್ಕ ಸಂಖ್ಯೆಗೆ ಇದು ಅತ್ಯಲ್ಪ ಕೊರತೆ; ಆದರೂ ಕೊರತೆ ಕೊರತೆಯೇ, ಅದು ನ್ಯೂನ. 37 ಎಂಬ ಕೊನೆಯ ಮಣಿ ಬಂದು ಸೇರಿದಾಗ ಹಾರವು ಸಮೃದ್ಧವಾಗುತ್ತದೆ.

ಜೈನ ಆಗಮಗಳ ವರ್ಗೀಕರಣವು ಇದಕ್ಕಿಂತ ಭಿನ್ನ. ಅಲ್ಲಿ ಸಂಖ್ಯೆಗಳು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಬಗೆ. ಸಂಖ್ಯಾತದಲ್ಲಿ ಮತ್ತೆ ಜಘನ್ಯ, ಮಧ್ಯಮ, ಉತ್ಕೃಷ್ಟ ಎಂಬ ಭೇದಗಳು. ಎಣಿಕೆಯು ಎರಡರಿಂದ ಮೊದಲಾಗುವುದೆಂದು ಭಾವಿಸಿ 2ನ್ನು ಜಘನ್ಯ ಸಂಖ್ಯಾತವೆಂದಿದ್ದಾರೆ. ಶೀರ್ಷಪ್ರಹೇಲಿಕೆಯೆಂಬ ಅವರ ಕಾಲಮಾನವೊಂದು 84 ಲಕ್ಷವನ್ನು ಇಪ್ಪತ್ತೆಂಟು ಬಾರಿ ಗುಣಿಸಿದಷ್ಟು. ಅದನ್ನು ಬರೆಯಲು 194 ಅಂಕಿಗಳು ಬೇಕು. ಅಷ್ಟು ದೊಡ್ಡದೂ ಸಂಖ್ಯಾತವೇ. ಅದರ ಮುಂದೆ ನಮ್ಮ ಹನ್ನೊಂದು ಅಂಕಿಗಳ ಸಂಖ್ಯೆ ಮಧ್ಯಮ ಸಂಖ್ಯಾತದಲ್ಲಿ ಬಹು ಕೆಳಗಿನ ಮೆಟ್ಟಿಲಲ್ಲಿ ನಿಲ್ಲುತ್ತದೆ. ಗ್ರೀಕರ ವರ್ಗೀಕರಣವು ಸಂಖ್ಯೆಯ ಒಳಗನ್ನು ನೋಡಿದರೆ, ಜೈನರದು ಎಣಿಕೆಯ ಮೇರೆಯನ್ನು ನೋಡುತ್ತದೆ. ಯಾವ ಪ್ರಶ್ನೆಯನ್ನು ಕೇಳುತ್ತೇವೆಯೋ ಅದರಂತೆ ಗುಂಪು ನಿರ್ಧಾರವಾಗುತ್ತದೆ. ಒಂದೇ ಪದವು ವ್ಯಾಕರಣದಲ್ಲಿ ನಾಮಪದವಾಗಿಯೂ ಛಂದಸ್ಸಿನಲ್ಲಿ ಗಣವಾಗಿಯೂ ನಿಲ್ಲುವುದಿಲ್ಲವೇ?

೭. ಪ್ರಯೋಜನ: ಪಾಠಶೋಧನೆ

ಸಾಹಿತ್ಯದ ವಿದ್ಯಾರ್ಥಿಗೆ ಇದರಿಂದೇನು ಎಂಬ ಪ್ರಶ್ನೆಗೆ ಉತ್ತರ ಗ್ರಂಥಸಂಪಾದನೆಯಲ್ಲಿದೆ. ತಾಳೆಗರಿಯನ್ನು ಪ್ರತಿ ಮಾಡುವವನು ಎರಡು ಬಗೆಯ ತಪ್ಪು ಮಾಡಬಹುದು. ಅಕ್ಕಪಕ್ಕದ ಅಂಕಿಗಳನ್ನು ಅದಲುಬದಲು ಮಾಡುವುದು ಒಂದು. ಒಂದು ಅಂಕಿಯನ್ನು ಅದನ್ನು ಹೋಲುವ ಇನ್ನೊಂದೆಂದು ಓದುವುದು ಮತ್ತೊಂದು. ಸವೆದ ಬರಹದಲ್ಲಿ ಕನ್ನಡದ ೬ ಮತ್ತು ೯ ಒಂದನ್ನೊಂದು ಹೋಲುವುದುಂಟು.

ನಮ್ಮ ಸಂಖ್ಯೆಯು 12345645321 ಎಂದು ಪ್ರತಿಯಾಗಿದೆಯೆಂದು ಭಾವಿಸಿರಿ. ಅಂಕಿಗಳ ಮೊತ್ತ ಈಗಲೂ 36. ಒಂಬತ್ತರ ಪರೀಕ್ಷೆಯಲ್ಲಿ ತಪ್ಪು ಸಿಕ್ಕಿಬೀಳದು. ಆದರೆ ಗತಪ್ರತ್ಯಾಗತ ಕೆಟ್ಟಿದೆ. ಹನ್ನೊಂದರ ಪರೀಕ್ಷೆಯೂ ತಪ್ಪನ್ನು ಹಿಡಿಯುತ್ತದೆ. ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿ ಕಳೆದರೆ ಮೂಲದಲ್ಲಿ ಸೊನ್ನೆ ಬರಬೇಕು. ಇಲ್ಲಿ ಎರಡು ಕಡಿಮೆ ಬರುತ್ತದೆ.

ಇನ್ನೊಬ್ಬನು ನಡುವಿನ ಆರನ್ನು ಒಂಬತ್ತೆಂದು ಓದಿ 12345954321 ಎಂದು ಬರೆದನೆನ್ನಿ. ಈಗ ಗತಪ್ರತ್ಯಾಗತ ಕೆಟ್ಟಿಲ್ಲ; ರೂಪವನ್ನು ಮಾತ್ರ ನೋಡುವವನು ಒಪ್ಪಿಬಿಡುತ್ತಾನೆ. ಆದರೆ ಅಂಕಿಗಳ ಮೊತ್ತ 39, ಒಂಬತ್ತರಿಂದ ಭಾಗವಾಗದು. ಒಂದು ಪರೀಕ್ಷೆಗೆ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಿತು.

ಇನ್ನೂ ಬಲವಾದ ಪರೀಕ್ಷೆಯೊಂದಿದೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಬಿಡಿಸಿರಿ: 12, 345, 654, 321. 1001 = 7 × 11 × 13 ಆದುದರಿಂದ, ಗುಂಪುಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿಸಿ ಕಳೆದ ಫಲವು 1001ರಿಂದ ಭಾಗವಾಗಬೇಕು. 321 − 654 + 345 − 12 = 0; ಭಾಗವಾಯಿತು. ಹಾಗೆಯೇ 999 = 27 × 37. ಗುಂಪುಗಳನ್ನೆಲ್ಲ ಕೂಡಿಸಿದರೆ 321 + 654 + 345 + 12 = 1332; ಇದು 37 × 36. ಹೀಗೆ ಎರಡು ಸಣ್ಣ ಲೆಕ್ಕಗಳಿಂದ 7, 11, 13, 37, 9 ಎಲ್ಲವೂ ಸಾಕ್ಷಿ ನುಡಿದುವು.

ಎಲ್ಲ ಸಂಖ್ಯೆಗಳಿಗೂ ಇಂತಹ ಒಳಸಾಕ್ಷಿ ಇರುವುದಿಲ್ಲ. ಅಮರಾಪುರದ ಶಾಸನದ 2000 ಸರಿಯೇ ಎಂದು ಆ ಅಂಕಿಗಳೇ ಹೇಳಲಾರವು. ಅದಕ್ಕೆ ಶಾಸನದ ಸಂದರ್ಭ ಬೇಕು, ಅಕ್ಷರದಲ್ಲಿ ಬರೆದ ಮಾತು ಬೇಕು. ನೊಳಂಬವಾಡಿಯ 32000ಕ್ಕೆ ಬೇರೆ ಶಾಸನಗಳ ಹೋಲಿಕೆ ಬೇಕು. ಕಂಠಾಭರಣದ ಸಂಖ್ಯೆಯು ಮಾತ್ರ ತನ್ನ ಸಾಕ್ಷಿಯನ್ನು ತಾನೇ ಹೊತ್ತಿದೆ. ಆದುದರಿಂದ ಗ್ರಂಥದಲ್ಲಿ ಸಂಖ್ಯೆ ಕಂಡೊಡನೆ ಕೇಳಬೇಕಾದ ಮೊದಲ ಪ್ರಶ್ನೆ “ಎಷ್ಟು?” ಎಂಬುದಲ್ಲ, “ಇದು ಎಣಿಕೆಯೋ, ಹೆಸರೋ, ರಚನೆಯೋ?” ಎಂಬುದು. ಎಣಿಕೆಯಾದರೆ ವಸ್ತುವನ್ನೂ, ಹೆಸರಾದರೆ ಇತಿಹಾಸವನ್ನೂ, ರಚನೆಯಾದರೆ ಗಣಿತವನ್ನೂ ಪ್ರಮಾಣವಾಗಿ ಹಿಡಿಯಬೇಕು.

ಅಭ್ಯಾಸ

1. 15151 ಗತಪ್ರತ್ಯಾಗತ ಸಂಖ್ಯೆ. ಅದು ಪೂರ್ಣವರ್ಗವೇ? ಸಮೃದ್ಧವೇ, ನ್ಯೂನವೇ? 139 ಮತ್ತು 109 ಅವಿಭಾಜ್ಯಗಳೆಂಬುದನ್ನು ಬಳಸಿ ಉತ್ತರಿಸಿರಿ.

2. 2000 ಮತ್ತು 32000 ಇವನ್ನು ಅವಿಭಾಜ್ಯಗಳಾಗಿ ಬಿಡಿಸಿರಿ. ಎರಡರಲ್ಲಿಯೂ ಬರುವ ಅವಿಭಾಜ್ಯಗಳು ಯಾವುವು? ಗಂಗವಾಡಿಯ 96000ದಲ್ಲಿ ಹೊಸತಾಗಿ ಸೇರುವುದು ಯಾವುದು?

3. ಏಳು ಒಂದುಗಳ ವರ್ಗವನ್ನು ಗುಣಾಕಾರ ಮಾಡದೆ ಬರೆಯಿರಿ. ಅದಕ್ಕೆ ಮಹಾವೀರಾಚಾರ್ಯನ ಸ್ಥಾನಪಟ್ಟಿಯಂತೆ ಹೆಸರು ಕೊಡಿರಿ.

4. ಕ್ರಿ.ಶ. 850, ಕ್ರಿ.ಶ. 1278 ಇವನ್ನು ಶಕವರ್ಷಕ್ಕೆ ತಿರುಗಿಸಿ, ಭೂತಸಂಖ್ಯೆಯ ಪದಗಳಲ್ಲಿ ಬಲದಿಂದ ಎಡಕ್ಕೆ ಓದುವಂತೆ ಹೇಳಿರಿ.

5. ನಿಮ್ಮ ಪಠ್ಯದಲ್ಲಿರುವ ಯಾವುದಾದರೂ ಒಂದು ಶಾಸನದಿಂದ ಎಲ್ಲ ಸಂಖ್ಯಾವಾಚಕಗಳನ್ನು ಆರಿಸಿ, ಎಣಿಕೆ, ಹೆಸರು, ಕಾಲಸೂಚನೆ ಎಂದು ವಿಂಗಡಿಸಿ, ಅವುಗಳಲ್ಲಿಯ ಸಂಧಿಕಾರ್ಯ ಮತ್ತು ತದ್ಭವಗಳನ್ನು ಗುರುತಿಸಿರಿ.